ಚೌಕಾಸಿಯಲ್ಲಿ ಪೈಪೋಟಿ ಹೆಚ್ಚಿದಂತೆ ಸುಳ್ಳೂ ಹೆಚ್ಚುವುದೇಕೆ? ಪದೇ ಪದೇ ಕೇಳುವ ಪ್ರಶ್ನೆಗಳು

ಹಾಸನದಲ್ಲಿ ಹಲವು ವರ್ಷ ವಾಣಿಜ್ಯಶಾಸ್ತ್ರ ಬೋಧಿಸಿ, ಈಗ ಸಕಲೇಶಪುರದ ಕಡೆ ಇರುವ ಮನೆತನದ ಸಣ್ಣ ಕಾಫಿ ತೋಟವನ್ನು ನೋಡಿಕೊಂಡಿರುವ ನನಗೆ, ಹಳೆಯ ವಿದ್ಯಾರ್ಥಿಗಳು, ಅಕ್ಕಪಕ್ಕದ ಬೆಳೆಗಾರರು ಮತ್ತು ಒಂದಿಬ್ಬರು ವ್ಯಾಪಾರಿಗಳು ಆಗಾಗ ಕೇಳುವ ಪ್ರಶ್ನೆಗಳಿವು. ಉತ್ತರಗಳಲ್ಲಿ ಸಂಶೋಧಕರು ಕಂಡದ್ದೂ ಇದೆ, ಕಣದ ಮೇಲೆ ನಾನು ಕಂಡದ್ದೂ ಇದೆ.

ಚೌಕಾಸಿಯಲ್ಲಿ ಯಾವುದನ್ನು ವಂಚನೆ ಎನ್ನಬೇಕು? ಮನಸ್ಸಿನಲ್ಲಿರುವುದನ್ನೆಲ್ಲ ಬಾಯಿಬಿಟ್ಟು ಹೇಳಲೇಬೇಕೆ?

ಹೇಳಬೇಕಾಗಿಲ್ಲ. ಗುಟ್ಟು ಬೇರೆ, ವಂಚನೆ ಬೇರೆ. ದನಗಳ ಜಾತ್ರೆಯಲ್ಲಿ ದಲ್ಲಾಳಿಯು ಟವೆಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆ ಮಾತಾಡುವುದನ್ನು ನೋಡಿದವರಿಗೆ ಇದು ಸುಲಭವಾಗಿ ತಿಳಿಯುತ್ತದೆ. ಸುತ್ತ ನಿಂತವರಿಗೆ ಬೆಲೆ ಗೊತ್ತಾಗಬಾರದು ಎಂಬುದಷ್ಟೇ ಆ ಟವೆಲಿನ ಉದ್ದೇಶವಾಗಿದ್ದು, ಅದರ ಕೆಳಗೆ ಕೈ ಹಿಡಿದ ಇಬ್ಬರಲ್ಲಿ ಯಾರೂ ಅದರಿಂದ ಮೋಸ ಹೋಗುವುದಿಲ್ಲ. ಹಾಗೆಯೇ ‘ಇದಕ್ಕಿಂತ ಕಡಿಮೆಗೆ ಕೊಡಲಾರೆ’ ಎಂದು ನಾನು ಮನಸ್ಸಿನಲ್ಲಿ ಇಟ್ಟುಕೊಂಡ ಕೊನೆಯ ಬೆಲೆಯನ್ನು ಹೇಳದಿರುವುದು ವಂಚನೆಯಲ್ಲ. ಆದರೆ ಎತ್ತಿಗೆ ಇಲ್ಲದ ವಯಸ್ಸನ್ನು ಹೇಳುವುದು, ಕಾಲಿನ ಕುಂಟು ಗೊತ್ತಾಗದಂತೆ ಅದನ್ನು ಮಲಗಿಸಿಯೇ ಇಡುವುದು, ಬಾರದ ಗಿರಾಕಿಯ ಹೆಸರು ಹೇಳಿ ಬೆಲೆ ಏರಿಸುವುದು ವಂಚನೆ. ಎದುರಿನವರ ತಲೆಯಲ್ಲಿ ಸುಳ್ಳು ನಂಬಿಕೆಯೊಂದನ್ನು ಬೇಕೆಂದೇ ಹುಟ್ಟಿಸಲಾಗಿದೆಯೆ ಎಂಬುದೇ ಇಲ್ಲಿ ನೋಡಬೇಕಾದ ಅಂಶ.

ಚೌಕಾಸಿಯ ನೀತಿಯನ್ನು ಅಳೆಯಲು ರಾಬಿನ್ಸನ್, ಲೆವಿಕಿ ಮತ್ತು ಡೊನಾಹ್ಯೂ ಎಂಬ ವಿದ್ವಾಂಸರು 2000ದಲ್ಲಿ ಪ್ರಕಟಿಸಿದ ಮಾನದಂಡವು ಸಂಶಯಾಸ್ಪದ ತಂತ್ರಗಳನ್ನು ಐದು ಬಗೆಯಾಗಿ ವಿಂಗಡಿಸುತ್ತದೆ. ಮೊದಲ ಬೆಲೆಯನ್ನು ಅತಿಯಾಗಿ ಹೇಳುವಂಥ ವಾಡಿಕೆಯ ಚೌಕಾಸಿ ಅದರಲ್ಲಿ ಮೊದಲನೆಯದು. ಸುಳ್ಳು ಭರವಸೆ, ಸಂಗತಿಗಳ ತಿರುಚುವಿಕೆ, ಎದುರಾಳಿಯ ಹಿಂದಿರುವ ಜನರ ಬಳಿ ಅವನ ಹೆಸರು ಕೆಡಿಸುವುದು ಮತ್ತು ಅಡ್ಡದಾರಿಯಲ್ಲಿ ಮಾಹಿತಿ ಸಂಗ್ರಹಿಸುವುದು ಉಳಿದ ನಾಲ್ಕು. ಮೊದಲನೆಯದನ್ನು ನಮ್ಮಲ್ಲಿ ಯಾರೂ ತಪ್ಪೆಂದು ಭಾವಿಸುವುದಿಲ್ಲ. ಸಂತೆಯಲ್ಲಿ ಹೇಳಿದ ಮೊದಲ ಬೆಲೆಯನ್ನೇ ಕೊಟ್ಟು ಹೋಗುವವನನ್ನು ಕಂಡರೆ ಮಾರುವವನಿಗೇ ಒಂದು ಬಗೆಯ ನಿರಾಶೆಯಾಗುತ್ತದೆ.

ಗೆಲ್ಲಲೇಬೇಕೆಂಬ ಹಟವಿರುವವರು ನಿಜಕ್ಕೂ ಹೆಚ್ಚು ಸುಳ್ಳು ಹೇಳುತ್ತಾರೆಯೆ?

ಪ್ರಯೋಗಗಳು ಹೌದೆನ್ನುತ್ತವೆ. ಮಾರಿಸ್ ಷ್ವೈಟ್ಜರ್, ಲೆಸ್ಲಿ ಡಿಚರ್ಚ್ ಮತ್ತು ಡೊನಾಲ್ಡ್ ಗಿಬ್ಸನ್ ಅವರು 2005ರಲ್ಲಿ ಪ್ರಕಟಿಸಿದ ಅಧ್ಯಯನವು ಇದೇ ಪ್ರಶ್ನೆಯನ್ನು ಕೈಗೆತ್ತಿಕೊಂಡಿತ್ತು. ವ್ಯವಹಾರವನ್ನು ಸಹಕಾರವೆಂದು ಬಗೆದವರಿಗಿಂತ ಗೆಲುವು–ಸೋಲೆಂದು ಬಗೆದವರು ಹೆಚ್ಚು ವಂಚನೆಗೆ ಇಳಿದರು ಎಂಬುದು ಅದರ ಮುಖ್ಯ ಫಲಿತ.

ಆದರೆ ‘ಹೆಚ್ಚು ಸುಳ್ಳು’ ಎಂದು ಒಟ್ಟಾರೆಯಾಗಿ ಹೇಳಿಬಿಟ್ಟರೆ ನಿಜವಾದ ಕುತೂಹಲಕಾರಿ ಅಂಶ ಕಣ್ತಪ್ಪುತ್ತದೆ. 1997ರಲ್ಲಿ ಕ್ಯಾಥ್ಲೀನ್ ಓಕಾನರ್ ಮತ್ತು ಪೀಟರ್ ಕಾರ್ನವೇಲ್ ಅವರು ಒಂದು ವಿಶೇಷ ಬಗೆಯ ಸುಳ್ಳನ್ನು ಪರೀಕ್ಷಿಸಿದರು. ಎರಡೂ ಕಡೆಯವರಿಗೆ ಒಂದೇ ಬೇಕಾಗಿರುವ ವಿಷಯದಲ್ಲಿ, ತನಗೆ ಅದು ಬೇಡವೆಂದು ನಟಿಸಿ, ಆಮೇಲೆ ದೊಡ್ಡ ಮನಸ್ಸಿನಿಂದ ಒಪ್ಪಿದವನಂತೆ ತೋರಿಸಿಕೊಂಡು, ಅದಕ್ಕೆ ಪ್ರತಿಯಾಗಿ ಬೇರೊಂದು ಕಡೆ ಲಾಭ ಕೇಳುವ ತಂತ್ರವದು. ನಮ್ಮ ಕಡೆಗೆ ಹೊಂದಿಸಿ ಹೇಳುವುದಾದರೆ, ನನ್ನ ಗೋದಾಮಿನಲ್ಲಿ ಜಾಗವಿಲ್ಲದೆ ಮೂಟೆಗಳು ಈ ವಾರವೇ ಹೋಗಬೇಕಾಗಿದೆ. ವ್ಯಾಪಾರಿಗೂ ಲಾರಿ ತುಂಬಲು ಈ ವಾರವೇ ಮಾಲು ಬೇಕಾಗಿದೆ. ಅವರು ಅದನ್ನು ಹೇಳದೆ, ‘ಮುಂದಿನ ತಿಂಗಳು ಎತ್ತೋಣ ಅಂತಿದ್ದೆ, ಆದರೂ ನಿಮಗೋಸ್ಕರ ಈ ವಾರವೇ ಎತ್ತುತ್ತೇನೆ, ಮೂಟೆಗೆ ನೂರು ರೂಪಾಯಿ ಬಿಟ್ಟುಕೊಡಿ’ ಎಂದರೆ, ನಾನು ಉಪಕಾರಕ್ಕೆ ಬೆಲೆ ಕೊಟ್ಟೆನೆಂದುಕೊಂಡು ಇಲ್ಲದ ಉಪಕಾರಕ್ಕೆ ಹಣ ತೆತ್ತಿರುತ್ತೇನೆ. ತಮ್ಮ ಲಾಭವೊಂದನ್ನೇ ನೋಡಿಕೊಂಡವರು ಈ ತಂತ್ರವನ್ನು ಹೆಚ್ಚಾಗಿ ಬಳಸಿದರು. ಬಳಸಿದವರಿಗೆ ಲಾಭವೂ ಆಯಿತು. ಕೊನೆಯ ಮಾತನ್ನು ಮುಚ್ಚಿಟ್ಟು ನೀತಿ ಹೇಳುವುದರಲ್ಲಿ ಅರ್ಥವಿಲ್ಲ.

ಇದು ಮನುಷ್ಯನ ಸ್ವಭಾವವೆ, ಸಂದರ್ಭವೆ?

ಎರಡೂ ಇರಬಹುದು. ಆದರೆ ನಾವು ಸ್ವಭಾವಕ್ಕೆ ಕೊಡುವಷ್ಟು ತೂಕವನ್ನು ಸಂದರ್ಭಕ್ಕೆ ಕೊಡುವುದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. 2004ರಲ್ಲಿ ವರ್ದಾ ಲೀಬರ್‌ಮನ್, ಸ್ಟೀವನ್ ಸ್ಯಾಮುಯೆಲ್ಸ್ ಮತ್ತು ಲೀ ರಾಸ್ ಪ್ರಕಟಿಸಿದ ಪ್ರಯೋಗದಲ್ಲಿ ಎರಡು ಗುಂಪುಗಳಿಗೆ ಆಡಲು ಕೊಟ್ಟ ಆಟ ಒಂದೇ, ನಿಯಮವೂ ಒಂದೇ. ಹೆಸರು ಮಾತ್ರ ಬೇರೆ. ಒಂದು ಗುಂಪಿಗೆ ಅದನ್ನು ‘ಸಮುದಾಯದ ಆಟ’ ಎಂದೂ, ಇನ್ನೊಂದಕ್ಕೆ ಅಮೆರಿಕದ ಷೇರುಪೇಟೆಯ ಬೀದಿಯ ಹೆಸರಿನಲ್ಲಿ ‘ವಾಲ್ ಸ್ಟ್ರೀಟ್ ಆಟ’ ಎಂದೂ ಹೇಳಲಾಗಿತ್ತು. ಮೊದಲ ಗುಂಪಿನಲ್ಲಿ ಸುಮಾರು ಮೂರನೇ ಎರಡು ಭಾಗದವರು ಸಹಕರಿಸಿದರೆ, ಎರಡನೆಯದರಲ್ಲಿ ಸಹಕರಿಸಿದವರು ಸುಮಾರು ಮೂರನೇ ಒಂದು ಭಾಗ. ಯಾರು ಸಹಕರಿಸುವ ಗುಣದವರು, ಯಾರು ಅಲ್ಲ ಎಂದು ಅವರನ್ನು ಬಲ್ಲವರು ಮೊದಲೇ ಹೇಳಿದ್ದ ಅಂದಾಜು ಮಾತ್ರ ಫಲಿತಾಂಶಕ್ಕೆ ತಾಳೆಯಾಗಲಿಲ್ಲ.

ನಮ್ಮ ಜಿಲ್ಲೆಯವರಿಗೆ ಇದನ್ನು ವಿವರಿಸಲು ಶ್ರವಣಬೆಳಗೊಳದ ಬೆಟ್ಟದ ಮೇಲೆ ಸುಮಾರು ಕ್ರಿ.ಶ. 981ರಿಂದ ನಿಂತಿರುವವನ ಕಥೆಯೇ ಸಾಕೇನೋ. ಸೈನ್ಯಗಳ ಸಾವುನೋವು ಬೇಡವೆಂದು ಭರತ ಬಾಹುಬಲಿಯರು ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳಿಗೆ ಒಪ್ಪಿಕೊಂಡರು. ಮೂರರಲ್ಲಿಯೂ ಸೋತ ಮೇಲೆ ಭರತನು ಒಪ್ಪಂದವನ್ನು ಮರೆತು ತಮ್ಮನ ಮೇಲೆ ಚಕ್ರರತ್ನವನ್ನು ಬಿಟ್ಟನು. ಭರತನನ್ನು ಯಾವ ಪುರಾಣವೂ ದುಷ್ಟನೆನ್ನುವುದಿಲ್ಲ. ಸ್ಪರ್ಧೆಗೆ ನಿಂತು ಸೋಲು ಕಣ್ಣೆದುರು ಬಂದಾಗ ಮಾತಿನ ಕಟ್ಟು ಸಡಿಲವಾಯಿತು, ಅಷ್ಟೆ.

ಎದುರಿನವರು ಹಟಕ್ಕೆ ಬಿದ್ದಿದ್ದರೆ ಪ್ರಾಮಾಣಿಕರೂ ಸುಳ್ಳಾಡುತ್ತಾರೆಯೆ?

ಆಡುತ್ತಾರೆ, ಮತ್ತು ಈ ಪುಟದಲ್ಲಿ ನಾನು ಹೇಳಬಯಸುವ ಮುಖ್ಯ ಸಂಗತಿಯೇ ಇದು. 2004ರಲ್ಲಿ ವೋಲ್ಫ್‌ಗ್ಯಾಂಗ್ ಸ್ಟೈನೆಲ್ ಮತ್ತು ಕಾರ್ಸ್ಟನ್ ಡಿ ಡ್ರೂ ಅವರು ಪ್ರಕಟಿಸಿದ ಪ್ರಯೋಗಗಳಲ್ಲಿ, ಎದುರಿನವನು ಪೈಪೋಟಿಯ ಮನುಷ್ಯನೆಂದು ತಿಳಿದಾಗ ಜನರು ಅವನಿಗೆ ಕಡಿಮೆ ಮಾಹಿತಿಯನ್ನೂ ಹೆಚ್ಚು ತಪ್ಪು ಮಾಹಿತಿಯನ್ನೂ ಕೊಟ್ಟರು. ಸ್ವಭಾವತಃ ಸಹಕಾರ ಬಯಸುವವರೂ ಇದಕ್ಕೆ ಹೊರತಾಗಿರಲಿಲ್ಲ. ಲಾಭದ ಆಸೆಯಿಂದ ಹುಟ್ಟುವ ಸುಳ್ಳಿನಂತೆಯೇ, ತನ್ನನ್ನು ದೋಚಿಬಿಡುತ್ತಾರೆಂಬ ಭಯದಿಂದ ಹುಟ್ಟುವ ಸುಳ್ಳೂ ಒಂದಿದೆ. ಎರಡನೆಯ ಬಗೆಯದನ್ನು ಹೇಳುವವನಿಗೆ ತಾನು ಸುಳ್ಳು ಹೇಳುತ್ತಿದ್ದೇನೆ ಎಂದೇ ಅನ್ನಿಸುವುದಿಲ್ಲ. ಆತ್ಮರಕ್ಷಣೆ ಮಾಡಿಕೊಳ್ಳುತ್ತಿದ್ದೇನೆ ಎಂದು ಅವನು ಭಾವಿಸಿರುತ್ತಾನೆ.

ಇದಕ್ಕೆ ಬೇರೆಯವರ ಉದಾಹರಣೆ ಹುಡುಕುವುದೇಕೆ? ತೋಟ ನನ್ನ ಕೈಗೆ ಬಂದ ಹೊಸತರಲ್ಲಿ, ನಮ್ಮ ತಂದೆಯ ಕಾಲದಿಂದಲೂ ಚೆರಿ (ಸಿಪ್ಪೆಯ ಸಮೇತ ಒಣಗಿಸಿದ ಕಾಫಿ ಹಣ್ಣು) ಕೊಳ್ಳುತ್ತಿದ್ದ ವ್ಯಾಪಾರಿಯೊಬ್ಬರು ‘ಮೇಷ್ಟ್ರಿಗೆ ಲೆಕ್ಕ ಗೊತ್ತು, ವ್ಯಾಪಾರ ಗೊತ್ತಿಲ್ಲ’ ಎಂದು ಯಾರ ಬಳಿಯೋ ಅಂದರೆಂಬ ಮಾತು ನನ್ನ ಕಿವಿಗೆ ಬಿತ್ತು. ಅಲ್ಲಿಯವರೆಗೆ ನನಗೆ ಕೇವಲ ಮಾರಾಟವಾಗಿದ್ದುದು ಅಂದಿನಿಂದ ಪಂದ್ಯವಾಯಿತು. ಅವರು ಬಂದು ಬೆಲೆ ಹೇಳಿದಾಗ, ಬೇರೊಬ್ಬ ವ್ಯಾಪಾರಿಯ ಹೆಸರೆತ್ತಿ, ಅವರು ಮೂಟೆಗೆ ಮುನ್ನೂರು ಹೆಚ್ಚು ಕೊಡುವುದಾಗಿ ಹೇಳಿದ್ದಾರೆಂದು ನಾನು ತಡವರಿಸದೆ ಹೇಳಿದೆ. ಹಾಗೆ ಯಾರೂ ಹೇಳಿರಲಿಲ್ಲ. ಅವರು ಕಾಫಿ ಕುಡಿದು ಮುಗಿಸಿ, ಹೊರಗೆ ಹೋಗಿ ಒಂದು ಫೋನು ಮಾಡಿ ಬಂದು, ‘ಹಾಗಿದ್ದರೆ ಅವರಿಗೇ ಕೊಟ್ಟುಬಿಡಿ ಮೇಷ್ಟ್ರೇ, ನನಗೆ ಗಿಟ್ಟುವುದಿಲ್ಲ’ ಎಂದು ನಗುತ್ತಲೇ ಹೇಳಿ ಹೊರಟರು. ಮೂರು ವಾರದ ಮೇಲೆ ಅವರು ಹೇಳಿದ್ದಕ್ಕಿಂತಲೂ ಕಡಿಮೆ ಬೆಲೆಗೆ ಮಾರಿದೆ.

ಸಾಲ, ನಷ್ಟದ ಭಯ ಇದ್ದಾಗ ಸುಳ್ಳು ಹೆಚ್ಚುತ್ತದೆಯೆ?

ಹೆಚ್ಚುತ್ತದೆ. ಕೈಗೆ ಬರಬಹುದಾದ ಲಾಭವೆಂದು ನೋಡುವವರಿಗಿಂತ, ಕೈತಪ್ಪಿ ಹೋಗುವ ನಷ್ಟವೆಂದು ಅದೇ ಮೊತ್ತವನ್ನು ನೋಡುವವರು ತಪ್ಪುದಾರಿಗೆ ಬೇಗ ಇಳಿಯುತ್ತಾರೆಂದು 2009ರಲ್ಲಿ ಮೇರಿ ಕರ್ನ್ ಮತ್ತು ಡಾಲಿ ಛುಗ್ ತೋರಿಸಿದರು. ನಿಗದಿಪಡಿಸಿಕೊಂಡ ಗುರಿಗೆ ಕೂದಲೆಳೆಯಷ್ಟು ಕಡಿಮೆ ಬಿದ್ದವರೇ ಲೆಕ್ಕ ತಿದ್ದಲು ಹೆಚ್ಚಾಗಿ ಮುಂದಾಗುತ್ತಾರೆ ಎಂಬುದು 2004ರ ಇನ್ನೊಂದು ಅಧ್ಯಯನದ ಫಲಿತ. ‘ಇಷ್ಟು ಬಂದರೆ ಸೊಸೈಟಿ ಸಾಲ ತೀರುತ್ತದೆ’ ಎಂದು ಲೆಕ್ಕ ಹಾಕಿಕೊಂಡು ಕುಳಿತ ಬೆಳೆಗಾರನಿಗೂ, ತಿಂಗಳ ಗುರಿ ಮುಟ್ಟಬೇಕಾದ ಖರೀದಿ ಏಜೆಂಟನಿಗೂ ಇದು ಸಮಾನವಾಗಿ ಅನ್ವಯಿಸುತ್ತದೆ.

ಕಾಫಿ ವ್ಯಾಪಾರದಲ್ಲಿ ಇಂಥ ವಂಚನೆಗೆ ಎಲ್ಲೆಲ್ಲಿ ಅವಕಾಶವಿದೆ?

ಮೊದಲು ಸ್ವಲ್ಪ ಇತಿಹಾಸ. 1942ರ ಕಾಫಿ ಕಾಯಿದೆಯ ಅಡಿಯಲ್ಲಿ ಬೆಳೆಗಾರರು ತಮ್ಮ ಕಾಫಿಯನ್ನು ಕಾಫಿ ಮಂಡಳಿಯ ಪೂಲ್‌ಗೆ, ಅಂದರೆ ಎಲ್ಲರ ಕಾಫಿಯನ್ನೂ ಒಟ್ಟುಗೂಡಿಸಿ ಮಂಡಳಿಯೇ ಮಾರುತ್ತಿದ್ದ ದಾಸ್ತಾನಿಗೆ, ಒಪ್ಪಿಸಬೇಕಾಗಿತ್ತು. ಹಣ ಕಂತುಕಂತಾಗಿ ಬರುತ್ತಿತ್ತು. ಆ ಕಾಲದಲ್ಲಿ ಬೆಳೆಗಾರನು ಬೆಲೆಗಾಗಿ ಯಾರೊಂದಿಗೂ ಚೌಕಾಸಿ ಮಾಡುವ ಪ್ರಮೇಯವೇ ಇರಲಿಲ್ಲ. 1990ರ ದಶಕದ ಆರಂಭದಿಂದ ಹಂತ ಹಂತವಾಗಿ ಬಿಗಿ ಸಡಿಲಗೊಂಡು, 1996ರಲ್ಲಿ ಮಾರಾಟ ಪೂರ್ತಿ ಮುಕ್ತವಾಯಿತು. ಎರಡು ತಲೆಮಾರು ಚೌಕಾಸಿಯನ್ನೇ ಮಾಡದಿದ್ದ ಮನೆಗಳ ಅಂಗಳಕ್ಕೆ ಹೀಗೆ ಕೆಲವೇ ವರ್ಷಗಳಲ್ಲಿ ವ್ಯಾಪಾರಿಗಳು ಬಂದರು. ನಮ್ಮ ಕಡೆಯ ಬೆಳೆಗಾರರ ಅತಿಯಾದ ಅನುಮಾನಕ್ಕೂ, ಅಷ್ಟೇ ಅತಿಯಾದ ನಂಬಿಕೆಗೂ ಇದು ಒಂದು ಕಾರಣವೆಂದು ನನಗನ್ನಿಸುತ್ತದೆ.

ಈಗ ಅವಕಾಶಗಳ ವಿಷಯ. ಎರಡೂ ಕಡೆಯವರ ಕಣ್ಣಿಗೆ ಒಂದೇ ರೀತಿ ಕಾಣುವ ವಿಷಯದಲ್ಲಿ ಸುಳ್ಳು ಬಾಳುವುದಿಲ್ಲ. ಕಾಫಿಯ ಎರಡು ಮುಖ್ಯ ಬಗೆಗಳಿಗೆ ಹೊರದೇಶದ ಪೇಟೆಗಳಲ್ಲಿ ನಿಲ್ಲುವ ಬೆಲೆ, ಅಂದರೆ ನ್ಯೂಯಾರ್ಕಿನ ಅರೇಬಿಕಾ ದರ, ಲಂಡನ್ನಿನ ರೋಬಸ್ಟಾ ದರ, ಇಂದು ಮೂಡಿಗೆರೆಯ ಮೂಲೆಯ ತೋಟದವರ ಫೋನಿನಲ್ಲೂ ಸಿಗುವುದರಿಂದ, ‘ಹೊರಗೆ ರೇಟು ಬಿದ್ದುಹೋಗಿದೆ’ ಎಂಬ ಹಳೆಯ ಸುಳ್ಳು ಹೆಚ್ಚು ಕಡಿಮೆ ಸತ್ತಿದೆ. ಒಬ್ಬರಿಗೆ ಮಾತ್ರ ತಿಳಿಯುವ ವಿಷಯಗಳಿಗೆ ಸುಳ್ಳು ಈಗ ಸರಿದುಕೊಂಡಿದೆ. ಔಟ್‌ಟರ್ನ್ ಅಂಥದ್ದೊಂದು. 50 ಕೆ.ಜಿ. ಚೆರಿಯಿಂದ ಸಿಪ್ಪೆ ತೆಗೆದ ಮೇಲೆ ಎಷ್ಟು ಕೆ.ಜಿ. ಬೇಳೆ ಬರುತ್ತದೆ ಎಂಬ ಈ ಸಂಖ್ಯೆಯ ಮೇಲೆ ಬೆಲೆ ಕಟ್ಟಲಾಗುತ್ತದೆ. ಲೆಕ್ಕಕ್ಕೆಂದು ಒಂದು ಔಟ್‌ಟರ್ನ್ ಪಾಯಿಂಟಿಗೆ 400 ರೂಪಾಯಿ ಎಂದಿಟ್ಟುಕೊಂಡರೆ, 28 ಬರುವ ಮಾಲಿಗೆ ಮೂಟೆಯೊಂದಕ್ಕೆ 11,200 ರೂಪಾಯಿ, 26.5 ಎಂದು ಬರೆದರೆ 10,600. ನೂರು ಮೂಟೆಯ ಮೇಲೆ 60,000 ರೂಪಾಯಿಯ ವ್ಯತ್ಯಾಸ, ಅದೂ ಬೆಲೆಯ ಬಗ್ಗೆ ಒಂದು ಮಾತೂ ಚೌಕಾಸಿಯಾಗದೆ. ಪಾಯಿಂಟಿಗೆ ಐದು ರೂಪಾಯಿ ಹೆಚ್ಚು ಪಡೆಯಲು ಅರ್ಧ ದಿನ ವಾದಿಸಿ ಗೆದ್ದ ಬೆಳೆಗಾರರು, ಸ್ಯಾಂಪಲ್ ಯಾವ ಮೂಟೆಯಿಂದ ತೆಗೆದರು ಎಂಬುದನ್ನು ನೋಡದೆ ಬಂದದ್ದನ್ನು ನಾನು ಕಂಡಿದ್ದೇನೆ. ಪೈಪೋಟಿಯ ಕಣ್ಣು ಯಾವಾಗಲೂ ಕೂಗಿ ಹೇಳುವ ಸಂಖ್ಯೆಯ ಮೇಲೆಯೇ ಇರುತ್ತದೆ.

ವಂಚನೆ ವ್ಯಾಪಾರಿಗಳ ಸೊತ್ತು ಮಾತ್ರವಲ್ಲ. ರೋಬಸ್ಟಾ ಚೆರಿಯ ತೇವಾಂಶ ಶೇ. 11ಕ್ಕೆ ಇಳಿಯುವವರೆಗೆ ಒಣಗಬೇಕೆಂಬುದು ಕಾಫಿ ಮಂಡಳಿಯ ಮಾನದಂಡ. ಅರೇಬಿಕಾ ಚೆರಿಗೆ ಶೇ. 10.5, ಪಾರ್ಚ್‌ಮೆಂಟಿಗೆ (ಹಣ್ಣಿನ ಸಿಪ್ಪೆ ತೆಗೆದು, ತೊಳೆದು ಒಣಗಿಸಿದ ಕಾಫಿ) ಶೇ. 10. ಶೇ. 13 ತೇವಾಂಶವಿರುವ ರೋಬಸ್ಟಾ ಚೆರಿಯನ್ನು ಒಣಗಿದ್ದೆಂದು ತೂಗಿಸಿದರೆ, 50 ಕೆ.ಜಿ.ಯ ಮೂಟೆಯೊಂದರಲ್ಲಿ ಸುಮಾರು 1.1 ಕೆ.ಜಿ.ಯಷ್ಟು ನೀರನ್ನು ಕಾಫಿಯ ಬೆಲೆಗೆ ಮಾರಿದಂತಾಗುತ್ತದೆ. ಇದನ್ನು ಮಾಡುವ ಬೆಳೆಗಾರರು ಅದನ್ನು ವಂಚನೆಯೆಂದು ಕರೆಯುವುದಿಲ್ಲ. ‘ಅವರು ಔಟ್‌ಟರ್ನ್‌ನಲ್ಲಿ ಹೊಡೆಯುವುದಿಲ್ಲವೆ?’ ಎಂದು ಕೇಳುತ್ತಾರೆ. ವ್ಯಾಪಾರಿಗಳನ್ನು ಕೇಳಿದರೆ, ‘ಅವರು ಹಸಿ ಮಾಲು ತುಂಬುವುದಿಲ್ಲವೆ?’ ಎನ್ನುತ್ತಾರೆ. ಸ್ಟೈನೆಲ್ ಮತ್ತು ಡಿ ಡ್ರೂ ಪ್ರಯೋಗಾಲಯದಲ್ಲಿ ಕಂಡದ್ದು ಇದನ್ನೇ.

ನೇರವಾಗಿ ಪ್ರಶ್ನೆ ಕೇಳಿದರೆ ಪ್ರಯೋಜನವಿದೆಯೆ?

ಇದೆ, ಆದರೆ ಅದಕ್ಕೊಂದು ಮಿತಿಯೂ ಇದೆ. ಷ್ವೈಟ್ಜರ್ ಮತ್ತು ರೇಚಲ್ ಕ್ರೋಸನ್ ಅವರ 1999ರ ಅಧ್ಯಯನದ ಪ್ರಕಾರ, ನೇರ ಪ್ರಶ್ನೆಯು ಮುಚ್ಚಿಡುವ ಸುಳ್ಳನ್ನು ಕಡಿಮೆ ಮಾಡುತ್ತದೆ. ಅದೇ ಹೊತ್ತಿಗೆ ಬಾಯಿಬಿಟ್ಟು ಹೇಳುವ ಸುಳ್ಳನ್ನು ಸ್ವಲ್ಪ ಹೆಚ್ಚಿಸುತ್ತದೆ. ಆದ್ದರಿಂದ ಉತ್ತರವನ್ನು ಪರೀಕ್ಷಿಸಲು ಸಾಧ್ಯವಿರುವ ಪ್ರಶ್ನೆಗಳನ್ನೇ ಕೇಳಬೇಕು. ‘ಮಾಲು ಚೆನ್ನಾಗಿದೆಯೆ?’ ಎಂದರೆ ಚೆನ್ನಾಗಿದೆ ಎಂಬ ಉತ್ತರವೇ ಬರುತ್ತದೆ. ‘ಕೊನೆಯ ಕೊಯ್ಲಿನ ಮೂಟೆಗಳು ಇದರಲ್ಲಿ ಎಷ್ಟು ಸೇರಿವೆ, ಕಣದಲ್ಲಿ ಮಳೆ ಹೊಡೆದದ್ದು ಎಷ್ಟು?’ ಎಂದು ಕೇಳಿದರೆ ಸುಳ್ಳಾಡುವುದು ಕಷ್ಟ.

ಸುಮ್ಮನಿರುವುದು ಕಾನೂನಿನ ದೃಷ್ಟಿಯಲ್ಲಿ ಮೋಸವೆ?

1872ರ ಭಾರತೀಯ ಕರಾರು ಕಾಯಿದೆಯ 17ನೇ ಸೆಕ್ಷನ್ನು ಇದನ್ನು ಒಂದು ಕುದುರೆಯ ಮೂಲಕ ವಿವರಿಸುತ್ತದೆ. ನಮ್ಮವರು ಅದನ್ನು ಎತ್ತೆಂದು ಓದಿಕೊಂಡರೂ ಅಡ್ಡಿಯಿಲ್ಲ. ರೋಗವಿರುವ ಕುದುರೆಯನ್ನು ಒಬ್ಬನು ಹರಾಜಿನಲ್ಲಿ ಮಾರಿ, ರೋಗದ ಬಗ್ಗೆ ಏನೂ ಹೇಳದಿದ್ದರೆ ಅದು ವಂಚನೆಯಲ್ಲ. ಆದರೆ ಕೊಳ್ಳುವವಳು ಆಗಷ್ಟೇ ಪ್ರಾಪ್ತವಯಸ್ಕಳಾದ ಅವನ ಮಗಳಾಗಿದ್ದರೆ, ಹೇಳಬೇಕಾದ ಹೊಣೆ ಅವನ ಮೇಲಿದೆ. ಕೊಳ್ಳುವವನು ‘ನೀವು ಇಲ್ಲವೆನ್ನದಿದ್ದರೆ ಕುದುರೆ ಚೆನ್ನಾಗಿದೆಯೆಂದೇ ತಿಳಿಯುತ್ತೇನೆ’ ಎಂದ ಮೇಲೆ ಮಾರುವವನು ಮೌನವಾಗಿದ್ದರೆ, ಆ ಮೌನವೂ ಮಾತಿಗೆ ಸಮ. ನೇರ ಪ್ರಶ್ನೆಯ ಬಲ ಎಷ್ಟೆಂಬುದನ್ನು ಮನಶ್ಶಾಸ್ತ್ರಜ್ಞರಿಗಿಂತ ಒಂದು ಶತಮಾನಕ್ಕೂ ಮೊದಲೇ ಈ ಕಾಯಿದೆ ಬರೆದವರು ಅರಿತಿದ್ದರು.

ಅದೇ ಸೆಕ್ಷನ್ನಿನ ಇನ್ನೊಂದು ಉದಾಹರಣೆಯಂತೆ, ಬೆಲೆಯಲ್ಲಿ ಆಗಿರುವ ಬದಲಾವಣೆ ಒಬ್ಬ ವ್ಯಾಪಾರಿಗೆ ಮಾತ್ರ ಗೊತ್ತಿದ್ದರೆ, ಅದನ್ನು ಎದುರಿನ ವ್ಯಾಪಾರಿಗೆ ತಿಳಿಸಲೇಬೇಕೆಂಬ ಕಟ್ಟುಪಾಡಿಲ್ಲ. ಬ್ರೆಜಿಲ್‌ನಲ್ಲಿ ಹಿಮ ಬಿದ್ದು ಕಾಫಿ ಬೆಳೆ ಕೆಟ್ಟ ಸುದ್ದಿ ನಿಮಗಿಂತ ಮೊದಲು ಅವರಿಗೆ ತಲುಪಿದ್ದರೆ, ಕಾನೂನು ನಿಮ್ಮ ಸಹಾಯಕ್ಕೆ ಬರುವುದಿಲ್ಲ. ಹಾಗೆಯೇ 19ನೇ ಸೆಕ್ಷನ್ನಿನ ಪ್ರಕಾರ, ಸಾಮಾನ್ಯ ಎಚ್ಚರಿಕೆಯಿಂದ ನೋಡಿದ್ದರೆ ನಿಜ ತಿಳಿಯುವಂತಿದ್ದಾಗ, ಎದುರಿನವರ ಮೌನದಿಂದ ಮೋಸಹೋದೆನೆಂದು ಕರಾರನ್ನು ರದ್ದುಪಡಿಸಲಾಗದು.

ಆಸ್ತಿಯ ವಿಷಯದಲ್ಲಿ ನಿಯಮ ಇನ್ನೂ ಬಿಗಿಯಾಗಿದೆ. 1882ರ ಸ್ವತ್ತು ವರ್ಗಾವಣೆ ಕಾಯಿದೆಯ 55ನೇ ಸೆಕ್ಷನ್ನಿನಂತೆ, ಬೇರೆ ಕರಾರು ಇಲ್ಲದಿದ್ದರೆ, ಕೊಳ್ಳುವವನಿಗೆ ಸಾಮಾನ್ಯ ಎಚ್ಚರಿಕೆಯಿಂದ ತಿಳಿಯಲಾಗದ ಮುಖ್ಯ ದೋಷವನ್ನು ಮಾರುವವನು ತಾನೇ ತಿಳಿಸಬೇಕು. ತೋಟ ಮಾರುವವರೂ ಕೊಳ್ಳುವವರೂ ಈ ಸೆಕ್ಷನ್ನನ್ನು ಓದಿಯೇ ಮಾತಿಗೆ ಕೂರುವುದು ಒಳ್ಳೆಯದು.

ನಿಜವನ್ನೇ ಹೇಳಿ ದಾರಿ ತಪ್ಪಿಸಿದರೆ?

ಇದು ವಿದ್ಯಾವಂತರ ವಂಚನೆ. ಬೋರ್‌ವೆಲ್‌ನಲ್ಲಿ ನೀರು ಹೇಗಿದೆಯೆಂದು ಕೇಳಿದಾಗ, ‘ಹತ್ತು ವರ್ಷದಲ್ಲಿ ಒಂದು ದಿನವೂ ನಿಂತಿರಲಿಲ್ಲ’ ಎಂದು ಹೇಳಿ, ಈ ಬೇಸಿಗೆಯಲ್ಲಿ ನಿಂತದ್ದನ್ನು ‘ಇರಲಿಲ್ಲ’ ಎಂಬ ಕ್ರಿಯಾಪದದ ಹಿಂದೆ ಬಚ್ಚಿಡುವುದು ಇದರ ಬಗೆ. 2017ರಲ್ಲಿ ಟಾಡ್ ರಾಜರ್ಸ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನದಂತೆ, ಹೀಗೆ ಮಾಡಿದವರು ತಾವು ಸುಳ್ಳು ಹೇಳಿಲ್ಲವೆಂದು ಸಮಾಧಾನಪಟ್ಟುಕೊಳ್ಳುತ್ತಾರೆ. ಮೋಸಹೋದವರು ಮಾತ್ರ ಅದನ್ನು ಹಸಿ ಸುಳ್ಳಿನಷ್ಟೇ ಕೆಟ್ಟದ್ದೆಂದು ಎಣಿಸುತ್ತಾರೆ.

ಮುಖ ನೋಡಿ ಸುಳ್ಳನ್ನು ಗುರುತಿಸಬಹುದೆ?

ಇಲ್ಲ. ಬಾಂಡ್ ಮತ್ತು ಡಿಪೌಲೊ ಅವರು ನೂರಾರು ಅಧ್ಯಯನಗಳನ್ನು ಒಟ್ಟುಗೂಡಿಸಿ 2006ರಲ್ಲಿ ತೋರಿಸಿದಂತೆ, ಸುಳ್ಳು ನಿಜಗಳನ್ನು ಬೇರ್ಪಡಿಸುವಲ್ಲಿ ಜನರ ತೀರ್ಪು ಸರಾಸರಿ ಶೇ. 54ರಷ್ಟು ಮಾತ್ರ ಸರಿಯಾಗಿರುತ್ತದೆ. ನಾಣ್ಯ ಚಿಮ್ಮಿದರೂ ಹೆಚ್ಚು ಕಡಿಮೆ ಅಷ್ಟೇ ಬರುತ್ತದೆ.

‘ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು’ ಎನ್ನುತ್ತಾರಲ್ಲ?

ಆ ಗಾದೆಯನ್ನು ಹೇಳುವವರು ಸಾಮಾನ್ಯವಾಗಿ ಮಧ್ಯಸ್ಥರೇ ಹೊರತು, ಮದುವೆಯಾಗುವವರಲ್ಲ.

ಹಾಗಾದರೆ ಪೈಪೋಟಿಯೇ ಕೆಟ್ಟದ್ದೆ?

ಮಾರುಕಟ್ಟೆಯ ಪೈಪೋಟಿಯನ್ನೂ ಎದುರುಬದುರು ಕುಳಿತವರ ನಡುವಿನ ಹಟವನ್ನೂ ಬೇರೆಬೇರೆಯಾಗಿ ನೋಡಬೇಕು. ಅರಸೀಕೆರೆಯ ಎಪಿಎಂಸಿಯಲ್ಲಿ ಕೊಬ್ಬರಿಗೆ ಹಲವು ವರ್ತಕರು ಒಬ್ಬರಿಗೊಬ್ಬರು ತಿಳಿಯದಂತೆ ಟೆಂಡರ್ ಹಾಕುವಾಗ ರೈತನು ಬಾಯಿಬಿಟ್ಟು ಏನನ್ನೂ ನಟಿಸಬೇಕಾಗಿಲ್ಲ. ನಾಲ್ಕು ಜನ ನಿಜವಾಗಿ ಕೇಳುತ್ತಿದ್ದರೆ ಐದನೆಯವನನ್ನು ಕಲ್ಪಿಸಿಕೊಳ್ಳುವ ಅಗತ್ಯ ಬೀಳುವುದಿಲ್ಲ. ನನ್ನ ಮುನ್ನೂರು ರೂಪಾಯಿಯ ಸುಳ್ಳು ಹುಟ್ಟಿದ್ದಕ್ಕೆ ಒಂದು ಕಾರಣ, ಅಂದು ನನ್ನ ಅಂಗಳಕ್ಕೆ ಬಂದಿದ್ದ ವ್ಯಾಪಾರಿ ಒಬ್ಬರೇ ಆಗಿದ್ದುದು. ಎರಡು ಕಡೆ ಸ್ಯಾಂಪಲ್ ಕೊಟ್ಟು ಬೆಲೆ ತರಿಸಿಕೊಂಡಿದ್ದರೆ, ಹೇಳಲು ನನ್ನ ಬಳಿ ನಿಜವೇ ಇರುತ್ತಿತ್ತು.

ಒಮ್ಮೆ ಸುಳ್ಳು ಬಯಲಾದ ಮೇಲೆ ಸಂಬಂಧ ಸರಿಹೋಗುತ್ತದೆಯೆ?

ಷ್ವೈಟ್ಜರ್, ಹರ್ಷಿ ಮತ್ತು ಬ್ರಾಡ್ಲೋ ಅವರ 2006ರ ಪ್ರಯೋಗದಲ್ಲಿ, ಕೆಟ್ಟ ನಡತೆಯಿಂದ ಮುರಿದ ನಂಬಿಕೆಯು ಅನಂತರದ ಒಳ್ಳೆಯ ನಡತೆಯಿಂದ ಬಹುಮಟ್ಟಿಗೆ ಮರಳಿತು. ಆದರೆ ಆ ಕೆಟ್ಟ ನಡತೆಯ ಜೊತೆಗೆ ಸುಳ್ಳೂ ಸೇರಿದ್ದಾಗ, ಕ್ಷಮೆ ಕೇಳಿ, ಮಾತು ಕೊಟ್ಟು, ಹಾಗೆಯೇ ನಡೆದುಕೊಂಡರೂ ಅದು ಪೂರ್ತಿಯಾಗಿ ಮರಳಲಿಲ್ಲ.

ನನ್ನ ಅನುಭವವೂ ಸುಮಾರಾಗಿ ಅದೇ. ಅಂದು ಫೋನು ಮಾಡಿ ಹೊರಟುಹೋದ ವ್ಯಾಪಾರಿ ಎರಡು ವರ್ಷ ನಮ್ಮ ಕಡೆ ಬರಲಿಲ್ಲ. ಮೂರನೆಯ ವರ್ಷ ನಾನೇ ಹೋಗಿ, ಅಂದು ಹೇಳಿದ್ದು ಸುಳ್ಳೆಂದು ಒಪ್ಪಿಕೊಂಡು ಕರೆದೆ. ‘ಗೊತ್ತಿತ್ತು ಬಿಡಿ ಮೇಷ್ಟ್ರೇ, ಅವರು ನಮ್ಮ ಬೀಗರು’ ಎಂದರು. ಈಗ ಪ್ರತಿ ವರ್ಷ ಅವರೇ ಕೊಳ್ಳುತ್ತಾರೆ. ಹತ್ತು ಮೂಟೆಗಳಿಂದ ಇಬ್ಬರೂ ಸೇರಿ ಸ್ಯಾಂಪಲ್ ತೆಗೆಯುತ್ತೇವೆ, ಅವರ ತೇವಾಂಶದ ಮೀಟರನ್ನೂ ನನ್ನದನ್ನೂ ಒಂದೇ ಕಾಳಿನ ಮೇಲೆ ಹಿಡಿದು ನೋಡುತ್ತೇವೆ, ಬೆಲೆ ಮಾತ್ರ ಆಮೇಲೆ. ನಮ್ಮ ತಂದೆಯ ಕಾಲದಲ್ಲಿ ಈ ಮೀಟರುಗಳು ಇರಲಿಲ್ಲ. ಅವರು ಮೂಟೆಗೆ ಕೈ ಹಾಕಿ, ಎರಡು ಕಾಳು ಕಚ್ಚಿ ನೋಡಿ, ತೂಕಕ್ಕಿಡಿ ಎನ್ನುತ್ತಿದ್ದರಂತೆ.